ಒಂದು ಮೊರ ತೌಡಿನ ಕೂಸು

ಹೆಣ್ಣು ನೋಡಲು ಬಂದವರು ನಡಿಗೆ ನೋಡುತ್ತಾರೆ, ಹಲ್ಲು ನೋಡುತ್ತಾರೆ, ತಟ್ಟೆ ತುಂಬ ಉಪ್ಪಿಟ್ಟು ತಿಂದು ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಬಾಯಿ ಒರೆಸಿಕೊಳ್ಳುತ್ತಾರೆ. ತಾಯಿ ನೋಡಲು ಬಂದವರು ಉಪ್ಪಿಟ್ಟನ್ನೂ ತಿನ್ನುವುದಿಲ್ಲ.

ಮಧುರಾ ಮೇಡಂ ತಿನ್ನಲಿಲ್ಲ. ನೀರೂ ಕುಡಿಯಲಿಲ್ಲ. ಗದಿಗೆಮ್ಮ ಸ್ಟೀಲಿನ ಲೋಟವನ್ನು ಬೂದಿ ಹಚ್ಚಿ ಮೂರು ಸಲ ತಿಕ್ಕಿ ತಂದಿದ್ದಳು. ಮೇಡಂ ಲೋಟ ನೋಡಿ ನಕ್ಕರು, ಬ್ಯಾಗಿನಿಂದ ತಮ್ಮ ಬಾಟಲಿ ತೆಗೆದು ಎರಡು ಗುಟುಕು ಕುಡಿದರು, ಮತ್ತೆ ನಕ್ಕರು. ಹೆಸರಿಗೆ ತಕ್ಕ ಸಿಹಿ. ಮೈಸೂರಿನ ಕಡೆಯವರು, ಸಮಾಜಸೇವೆ ಓದಿದವರು. ಸಮಾಜ ಯಾವುದು ಎಂದು ಪುಸ್ತಕದಲ್ಲಿ ತಿಳಿದು, ಸೇವೆ ಎಲ್ಲಿದೆ ಎಂದು ಹುಡುಕುತ್ತ ಹೈದರಾಬಾದಿಗೆ ಬಂದು, ಸಂಬಳ ಸಿಕ್ಕಿದ ದಿನವೇ ಹುಡುಕುವುದನ್ನು ನಿಲ್ಲಿಸಿದವರು. ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ ದತ್ತು ಸಂಸ್ಥೆ ಅವರನ್ನು ಗದಿಗೆಮ್ಮನ ಮನೆಗೆ ಕಳಿಸಿತ್ತು.

ಮನೆ ಎಂದರೆ ಉಪ್ಪಲ್‌ನ ಮೆಟ್ರೋ ಡಿಪೋ ಹಿಂದಿನ ಗಲ್ಲಿಯಲ್ಲಿ ತಗಡು ಹೊದಿಸಿದ ಒಂದೂವರೆ ಕೋಣೆ. ಗದಿಗೆಮ್ಮ ಕಟ್ಟಡದ ಕೆಲಸದವಳು. ಸುರಪುರದ ಕಡೆಯ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಬಂದವಳಿಗೆ ಈಗ ಮೂವತ್ತೈದು. ಗಂಡ ಗೊಲ್ಲಾಳಪ್ಪ ಬಾಲಾನಗರದ ಲೇಥ್ ಅಂಗಡಿಯಲ್ಲಿ ಕಬ್ಬಿಣ ಕೊರೆಯುತ್ತಾನೆ. ಹದಿನಾರು ವರ್ಷ ಗದಿಗೆಮ್ಮ ಮಾದಾಪುರದ ಗಾಜಿನ ಕಟ್ಟಡಗಳಿಗೆ ಗಾರೆ ಹೊತ್ತಿದ್ದಾಳೆ. ಸ್ಲ್ಯಾಬ್ ಹಾಕುವ ದಿನ ಬೆಳಿಗ್ಗೆ ಏಳಕ್ಕೆ ತಲೆಗೆ ಸಿಂಬಿ ಇಟ್ಟರೆ, ಸ್ಲ್ಯಾಬ್ ಮುಗಿಯುವ ತನಕ ಸಿಂಬಿ ಇಳಿಯುವಂತಿಲ್ಲ. ಎರಡು ಕೂಸು ಸತ್ತೇ ಹುಟ್ಟಿದವು. ಮೂರನೆಯದರಲ್ಲಿ ರಕ್ತ ನಿಲ್ಲಲಿಲ್ಲ; ಡಾಕ್ಟರು ಕೂಸಿನ ಜೊತೆ ಗರ್ಭಕೋಶವನ್ನೂ ತೆಗೆದರು.

ಆಮೇಲೆ ಒಂದು ದಿನ ಗಲ್ಲಿಯ ಆಯಾ ಒಬ್ಬಳು ಬಂದು, ಒಂದು ಪಾಪು ಇದೆ, ಹೆಣ್ಣು, ಬಣ್ಣ ಇದೆ, ಕಾಗದ ಪತ್ರದ ಗೋಜಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಕಿವಿಯಲ್ಲಿ ಹೇಳಿದ್ದಳು. ಗದಿಗೆಮ್ಮ ಅವಳನ್ನು ಹೊಸ್ತಿಲಿನಿಂದಲೇ ಹೊರಗೆ ಹಾಕಿದಳು. ಯಾವ ಹೆಣ್ಣುಮಗಳು ಎಲ್ಲಿ ಎದೆಹಾಲು ಕಟ್ಟಿಕೊಂಡು ಅಳುತ್ತಿದ್ದಾಳೋ. ಬಂದರೆ ಸರ್ಕಾರದ ಬಾಗಿಲಿನಿಂದ ಬರಲಿ ಎಂದಳು. ಸರ್ಕಾರದ ಮೇಲೆ ಇಷ್ಟು ನಂಬಿಕೆ ಇಟ್ಟ ಹೆಂಗಸು ಇಡೀ ಉಪ್ಪಲ್‌ನಲ್ಲಿ ಬಹುಶಃ ಅವಳೊಬ್ಬಳೇ ಇದ್ದಳು.

ಸರ್ಕಾರದಿಂದ ಕೂಸು ಪಡೆಯುವುದೆಂದರೆ ದೇವರ ಕೆಲಸವನ್ನು ಗುಮಾಸ್ತನಿಗೆ ವಹಿಸಿದಂತೆ. ದೇವರು ಒಂಬತ್ತು ತಿಂಗಳಲ್ಲಿ ಮುಗಿಸುವುದಕ್ಕೆ ಗುಮಾಸ್ತ ನಾಲ್ಕು ವರ್ಷ ತೆಗೆದುಕೊಳ್ಳುತ್ತಾನೆ. ದೇವರು ಕುಡುಕನಿಗೂ ಕೊಡುತ್ತಾನೆ, ಹೆಂಡತಿ ಹೊಡೆಯುವವನಿಗೂ ಕೊಡುತ್ತಾನೆ, ಪ್ಯಾನ್ ಕಾರ್ಡ್ ಕೇಳುವುದಿಲ್ಲ. ಗುಮಾಸ್ತ ಕೇಳುತ್ತಾನೆ. ಮದುವೆಯ ಸರ್ಟಿಫಿಕೇಟ್ ಕೇಳುತ್ತಾನೆ. ಇವರ ಮದುವೆಗೆ ಹಂದರ ಇತ್ತು, ಹಲಗೆಯ ಬಡಿತ ಇತ್ತು, ಊಟಕ್ಕೆ ಮುನ್ನೂರು ಮಂದಿ ಇದ್ದರು, ಸರ್ಟಿಫಿಕೇಟ್ ಒಂದು ಇರಲಿಲ್ಲ. ಅದಕ್ಕೆ ಊರಿಗೆ ಹೋಗಿ ಬಂದರು. ಇಂಟರ್ನೆಟ್ ಅಂಗಡಿಯಲ್ಲಿ ಆಧಾರಿನ ಮಷಿನ್ನು ಗದಿಗೆಮ್ಮನ ಬೆರಳನ್ನು ಒಪ್ಪಲಿಲ್ಲ. ಸಿಮೆಂಟು ಗೆರೆಗಳನ್ನೆಲ್ಲ ತಿಂದು ಹಾಕಿತ್ತು. ಹೆಬ್ಬೆಟ್ಟಿನವರು ಎಂದು ನಗುವ ದೇಶದಲ್ಲಿ ಅವಳಿಗೆ ಹೆಬ್ಬೆಟ್ಟೂ ಉಳಿದಿರಲಿಲ್ಲ. ಆರೋಗ್ಯದ ಸರ್ಟಿಫಿಕೇಟಿಗೆ ಹೋದಾಗ, ತುಂಬಿದ ಗಾರೆಬುಟ್ಟಿ ಹೊತ್ತು ನಾಲ್ಕು ಮಹಡಿ ಹತ್ತುವವಳು ಮೂರು ಕೇಜಿಯ ಕೂಸು ಎತ್ತಬಲ್ಲಳೇ ಎಂದು ಡಾಕ್ಟರು ಅರ್ಧ ದಿನ ಪರೀಕ್ಷೆ ಮಾಡಿದರು.

ಇಬ್ಬರು ಗೌರವಸ್ಥರಿಂದ ಚೀಟಿ ಬೇಕು ಎಂದರು. ಈ ಗಂಡ ಹೆಂಡಿರು ಒಳ್ಳೆಯವರು ಎಂದು ಬರೆದುಕೊಡಬೇಕು. ಒಂದನ್ನು ಲೇಥ್ ಅಂಗಡಿಯ ಮಾಲೀಕ ಕೊಟ್ಟ. ಇನ್ನೊಂದಕ್ಕೆ ಗದಿಗೆಮ್ಮ ತನ್ನೂರಿನ ಗೌಡರ ಮಗ ಚಂದ್ರಕಾಂತನಿಗೆ ಫೋನ್ ಮಾಡಿದಳು. ಅವನು ಮಾದಾಪುರದ ಒಂದು ದೊಡ್ಡ ಕಂಪನಿಯಲ್ಲಿ ಎಂಜಿನಿಯರು. ಇಪ್ಪತ್ತೇಳು ವರ್ಷ, ಊರಿನಲ್ಲಿ ಹೆಣ್ಣು ನೋಡುತ್ತಿದ್ದರು. ಅವನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಕಳಿಸಿದ. ಅದರಲ್ಲಿ ಇವರು ನಮ್ಮ ಊರಿನ ಕೂಲಿ ಜನ, ಪ್ರಾಮಾಣಿಕರು ಎಂದಿತ್ತು. ಇಂಟರ್ನೆಟ್ ಅಂಗಡಿಯವನಿಂದ ಓದಿಸಿಕೊಂಡು ಗದಿಗೆಮ್ಮ ಸಂತೋಷಪಟ್ಟಳು. ಕೂಲಿಯವರು ಎಂದದ್ದು ನಿಜ, ಪ್ರಾಮಾಣಿಕರು ಎಂದದ್ದೂ ನಿಜ.

ಇಷ್ಟೆಲ್ಲ ಆದ ಮೇಲೆ ಮಧುರಾ ಮೇಡಂ ಬಂದದ್ದು. ಗೊಲ್ಲಾಳಪ್ಪ ಮನೆ ಮಾಲೀಕನಿಂದ ಕುರ್ಚಿ ತಂದಿದ್ದ. ಗೋಡೆಗೆ ಸುಣ್ಣ ಹೊಡೆದಿದ್ದ. ಮೇಡಂ ಕುರ್ಚಿಯ ತುದಿಯಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡರು. ಎಷ್ಟು ಕಿಟಕಿ, ಎಷ್ಟು ಫ್ಯಾನು. ಆರು ಮನೆಗೆ ಒಂದೇ ಇದ್ದ ಕಕ್ಕಸಿನ ಫೋಟೋ ಹೊಡೆದರು. ಗದಿಗೆಮ್ಮನ ಕೈ ನೋಡಿ ಚರ್ಮರೋಗ ಇದೆಯಾ ಎಂದು ಕೇಳಿದರು. ಸಿಮೆಂಟು ಎಂದಳು. ಮೇಡಂ ಅದನ್ನೂ ಬರೆದುಕೊಂಡರು. ಮಗು ಎಲ್ಲಿ ಮಲಗುತ್ತೆ ಎಂದರು. ನನ್ನ ಮಗ್ಗುಲಲ್ಲಿ ಎಂದಳು. ಅದಕ್ಕೇ ಅಂತ ಬೇರೆ ಜಾಗ ಇಲ್ಲವಾ ಎಂದರು. ಕೆಲಸಕ್ಕೆ ಹೋದರೆ ಮಗುವನ್ನು ಯಾರು ನೋಡುತ್ತಾರೆ ಎಂದರು. ಕೆಲಸ ಬಿಡುತ್ತಾಳೆ ಎಂದ ಗೊಲ್ಲಾಳಪ್ಪ. ಹಾಗಾದರೆ ಆದಾಯ ಸಾಲುತ್ತಾ ಎಂದರು. ಕೆಲಸ ಮಾಡಿದರೆ ತಾಯಿ ಅಲ್ಲ, ಮಾಡದಿದ್ದರೆ ಅನ್ನ ಇಲ್ಲ. ಇಂಥ ಪ್ರಶ್ನೆಗಳನ್ನು ಕೇಳಲಿಕ್ಕೇ ಕಾಲೇಜು ಇರುವುದು.

ಒಂದೇ ಒಂದು ಪ್ರಶ್ನೆಗೆ ಗದಿಗೆಮ್ಮನ ಮುಖ ಅರಳಿತು. ನಿಮ್ಮ ಮನೆತನದಲ್ಲಿ ಬೇರೆಯವರ ಮಗುವನ್ನು ಸಾಕಿದವರು ಯಾರಾದರೂ ಇದ್ದಾರಾ ಎಂದು ಮೇಡಂ ಕೇಳಿದ್ದರು. ಬೆಳಗಿನಿಂದ ಇಲ್ಲ, ಇಲ್ಲ ಎಂದು ಹೇಳಿ ಹೇಳಿ ಸೋತವಳಿಗೆ ಕೊನೆಗೂ ಹೌದು ಎನ್ನುವಂಥದ್ದು ಸಿಕ್ಕಿತು.

"ಅದಾರ್ರಿ ಅಕ್ಕಾರ. ನಮ್ಮವ್ವ. ಗೌಡರ ಕೂಸನ್ನ ಕೊಂಡಿದ್ಲು. ಒಂದು ಮೊರ ತೌಡು ಕೊಟ್ಟು."

ಮೇಡಂ ತಲೆ ಎತ್ತಿದರು. ಗದಿಗೆಮ್ಮ ಎಲ್ಲ ಹೇಳಿದಳು. ಬಿಡಿಸಿ ಹೇಳಿದಳು. ಹೆಮ್ಮೆಯಿಂದ ಹೇಳಿದಳು.

ಆ ಕಡೆಯ ಊರುಗಳಲ್ಲಿ ಇದು ಯಾರಿಗೂ ಹೊಸದಲ್ಲ. ಹುಟ್ಟಿದ್ದೆಲ್ಲ ಮಣ್ಣಿಗೆ ಹೋಗುವ ಮನೆಯಲ್ಲಿ ಮತ್ತೊಂದು ಹುಟ್ಟಿದರೆ, ಅದನ್ನು ಮೊರದಲ್ಲಿ ಮಲಗಿಸಿ ಮಾದಿಗರ ಓಣಿಗೆ ತರುತ್ತಾರೆ. ಎದೆಯಲ್ಲಿ ಹಾಲಿರುವ ಒಬ್ಬ ಬಾಣಂತಿ ಒಂದು ಮೊರ ತೌಡು ಕೊಟ್ಟು ಕೂಸನ್ನು ಕೊಂಡುಕೊಳ್ಳುತ್ತಾಳೆ. ಇದು ನನ್ನ ಕೂಸು, ನಾನು ಕೊಂಡಿದ್ದೇನೆ ಎಂದು ಸಾವಿಗೆ ಕೇಳುವಂತೆ ಮೂರು ಸಲ ಕೂಗುತ್ತಾಳೆ. ಸಾವಿಗೂ ಜಾತಿ ಉಂಟು, ಅದು ಮಾದಿಗರ ಕೂಸನ್ನು ಮುಟ್ಟುವುದಿಲ್ಲ ಎಂಬುದು ದೊಡ್ಡವರ ನಂಬಿಕೆ. ಓಣಿಯಿಂದ ಮಣ್ಣಿಗೆ ಹೋದ ಕೂಸುಗಳನ್ನು ಅವರು ಎಂದೂ ಎಣಿಸಿರಲಿಲ್ಲ.

ಗೌಡರ ಮನೆಯಲ್ಲಿ ಮೂರು ಹೋಗಿದ್ದವು. ನಾಲ್ಕನೆಯದನ್ನು ಗೌಡತಿಯೇ ಹೊತ್ತು ತಂದಳು. ಗದಿಗೆಮ್ಮನಿಗೆ ಆಗ ಎಂಟು ವರ್ಷ. ಅವಳ ಅವ್ವ ದುರಗವ್ವ ಗೌಡತಿಯ ಸೆರಗಿಗೆ ತೌಡು ಸುರಿದು ಕೂಸನ್ನು ಮಡಿಲಿಗೆ ಹಾಕಿಕೊಂಡಳು. ಹನ್ನೊಂದು ದಿನ ತನ್ನ ಕೂಸಿಗೆ ಎಡ ಮೊಲೆ, ಗೌಡರ ಕೂಸಿಗೆ ಬಲ ಮೊಲೆ ಕೊಟ್ಟಳು. ಹನ್ನೆರಡನೆಯ ದಿನ ಬಂದು ಒಯ್ದರು. ಹೊಸ್ತಿಲಲ್ಲಿ ಗೋಮೂತ್ರ ಎರೆದು ಒಳಗೆ ತೆಗೆದುಕೊಂಡರು. ದುರಗವ್ವನಿಗೆ ಒಂದು ಸೀರೆ ಸಿಕ್ಕಿತು, ಕಟ್ಟೆಯ ಮೇಲಿನಿಂದ ಎಸೆದದ್ದು. ಕೂಸು ಬದುಕಿತು. ಶಾಲೆಗೆ ಚಂದ್ರಕಾಂತ ಎಂದು ಹೆಸರು ಹಚ್ಚಿದರು. ಊರು ಬಹಳ ವರ್ಷ ಮಾರಿದ ಕೂಸು, ಮಾರಿದ ಕೂಸು ಎಂದೇ ಕರೆಯಿತು.

ಗೋಮೂತ್ರದ ಮಾತು, ಸೀರೆ ಎಸೆದ ಮಾತು ಗದಿಗೆಮ್ಮ ಹೇಳಲಿಲ್ಲ. ಮನೆಗೆ ಬಂದವರ ಮುಂದೆ ಯಾಕೆ ಎಂದುಕೊಂಡಳು. ಅವ್ವನ ಮಡಿಲಿನ ಮಾತು ಮಾತ್ರ ಹೇಳಿದಳು.

"ನಮ್ಮವ್ವನ ಮಡಿಲು ಅಷ್ಟು ಗಟ್ಟಿ ಇತ್ರಿ. ಸತ್ತೇ ಹೋಗ್ತಿದ್ದ ಕೂಸು ಇವತ್ತು ಎಂಜಿನಿಯರ್ ಆಗೈತಿ. ಅವರ ಚೀಟೀನೂ ಹಚ್ಚೀವಿ ನೋಡ್ರಿ, ಅದ್ರಾಗ."

ಮಧುರಾ ಮೇಡಂ ಕೇಳಿದ್ದು ಒಂದೇ ಮಾತು: "ಅಂದ್ರೆ ಮಗೂನ ಮಾರಿದ್ದು, ನಿಮ್ಮ ತಾಯಿ ಅದನ್ನ ಕೊಂಡಿದ್ದು, ನಿಜ ತಾನೆ?"

"ಖರೇನ್ರಿ. ಇಡೀ ಊರಿಗೆ ಗೊತ್ತೈತಿ."

ಮೇಡಂ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಪೂರ್ತಿ ಪುಟ ಬರೆದರು. ಅವರು ಹೋದ ಮೇಲೆ ಗಂಡ ಹೆಂಡತಿ ಇಬ್ಬರೂ ಉಪ್ಪಿಟ್ಟು ತಿಂದರು. ಗೊಲ್ಲಾಳಪ್ಪ, ಕಡೆಗೆ ಹೇಳಿದಿಯಲ್ಲ ಅದು ಕೆಲಸ ಮಾಡಿತು ನೋಡು ಎಂದ. ಮಾಡಿತ್ತು.

ಎರಡು ವಾರಕ್ಕೆ ಸಂಸ್ಥೆಯಿಂದ ಕರೆ ಬಂತು. ಸಂಸ್ಥೆಗೆ ಒಂದು ಉದ್ದನೆಯ ಸಂಸ್ಕೃತ ಹೆಸರಿತ್ತು. ತಾಯಿ, ಮಮತೆ ಎರಡೂ ಇದ್ದವು, ಹೆಸರಿನಲ್ಲಿ. ಗೇಟಿನ ಕಾವಲುಗಾರ ಇವರನ್ನು ನೋಡಿದವನೇ, ಸಾಮಾನು ಇಳಿಸುವವರು ಹಿಂದಿನ ಬಾಗಿಲಿಗೆ ಹೋಗಿ ಎಂದ. ಗೊಲ್ಲಾಳಪ್ಪ ಕಾಗದ ತೋರಿಸಿದ. ಕಾವಲುಗಾರ ಕಾಗದ ನೋಡಿದ, ಇವರನ್ನು ನೋಡಿದ, ಮತ್ತೆ ಕಾಗದ ನೋಡಿದ.

ಸಂಸ್ಥೆಯ ಮುಖ್ಯಸ್ಥೆಯ ಹೆಸರು ಕೋಕಿಲಾ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಕಾಗೆಗೆ ಕಿಟಕಿ ಎಷ್ಟು, ಫ್ಯಾನು ಎಷ್ಟು ಎಂದು ಕೇಳುವುದಿಲ್ಲ. ಈ ಕೋಕಿಲಾ ಕಾಗೆಯ ಬಣ್ಣದಿಂದಲೇ ವಿಚಾರಣೆ ಶುರು ಮಾಡುವವರು. ಆಡುವುದೆಲ್ಲ ತೆಲುಗು. ಗದಿಗೆಮ್ಮನಿಗೆ ತೆಲುಗು ಚೆನ್ನಾಗಿಯೇ ತಿಳಿಯುತ್ತಿತ್ತು, ಹದಿನಾರು ವರ್ಷ ಅದೇ ಭಾಷೆಯಲ್ಲಿ ಬೈಸಿಕೊಂಡಿದ್ದಳು. ಮಧುರಾ ಮೇಡಂ ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದರು. ಮೇಜಿನ ಎದುರು ಎರಡು ಕುರ್ಚಿಗಳಿದ್ದವು. ಕೂರಿ ಎಂದು ಯಾರೂ ಹೇಳಲಿಲ್ಲ. ಇಬ್ಬರೂ ನಿಂತರು.

ಕೋಕಿಲಾ ಮೇಡಂ ವರದಿಯ ಒಂದು ಭಾಗ ಓದಿದರು. ಅರ್ಜಿದಾರಳ ಕುಟುಂಬದಲ್ಲಿ ಮಗುವನ್ನು ಕೊಂಡ ಇತಿಹಾಸ ಇದೆ. ಅರ್ಜಿದಾರಳೇ ಒಪ್ಪಿದ್ದಾಳೆ, ಒಪ್ಪುವಾಗ ನಾಚಿಕೆ ಕಂಡುಬರಲಿಲ್ಲ.

ಗದಿಗೆಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಬಂತು. ಅದು ಹಾಗಲ್ಲ, ಅದು ಶಾಸ್ತ್ರ, ಕೂಸು ಉಳಿಯಲಿ ಎಂದು ಮಾಡುವುದು ಎಂದಳು. ಬೇಕಾದರೆ ಚಂದ್ರಕಾಂತಪ್ಪನನ್ನೇ ಕೇಳಿ ಎಂದಳು.

ಕೇಳಿದ್ದಾರಂತೆ. ಚಂದ್ರಕಾಂತನಿಗೆ ಫೋನ್ ಮಾಡಿದ್ದರಂತೆ. ಅವನು ಅಂಥದ್ದು ಯಾವುದೂ ನಡೆದೇ ಇಲ್ಲ ಎಂದನಂತೆ. ತನ್ನದು ದೊಡ್ಡ ಮನೆತನ, ಈ ಜನ ಕಥೆ ಕಟ್ಟುವುದರಲ್ಲಿ ನಿಸ್ಸೀಮರು ಎಂದನಂತೆ. ತಾನು ಕೊಟ್ಟ ಚೀಟಿಯನ್ನು ವಾಪಸು ತೆಗೆದುಕೊಂಡಿದ್ದ. ಅವನ ಮೇಲ್ ಅನ್ನು ಮಧುರಾ ಮೇಡಂ ಫೈಲಿಗೆ ಸೇರಿಸಿದ್ದರು. ಕಳೆದ ತಿಂಗಳು ಇದೇ ಸಂಸ್ಥೆಗೆ ಹನ್ನೆರಡು ತೊಟ್ಟಿಲು ಕೊಟ್ಟದ್ದೂ ಅವನ ಕಂಪನಿಯೇ. ಪ್ರತಿ ತೊಟ್ಟಿಲ ಮೇಲೂ ಕಂಪನಿಯ ಹೆಸರಿತ್ತು, ಕೂಸುಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ಕೋಕಿಲಾ ಮೇಡಂ ಬೆರಳು ಮಡಚಿ ಲೆಕ್ಕ ಹೇಳಿದರು. ನೀನು ಹೇಳಿದ್ದು ನಿಜವಾದರೆ ಮಕ್ಕಳ ಮಾರಾಟ, ಅಪರಾಧ. ಸುಳ್ಳಾದರೆ ಅಧಿಕಾರಿಗೆ ಸುಳ್ಳು ಹೇಳಿಕೆ, ಅದೂ ಅಪರಾಧ. ಯಾವುದು ಬೇಕೋ ಆರಿಸಿಕೋ.

ಗದಿಗೆಮ್ಮ ಗಂಡನ ಕಡೆ ತಿರುಗಿದಳು.

ಆದರೆ ಕೋಕಿಲಾ ಮೇಡಂ ಕಲ್ಲೆದೆಯವರಲ್ಲ, ಅವರಲ್ಲಿ ಒಂದು ಉಪಾಯ ಇತ್ತು. ಉಪಾಯ ಆಗಲೇ ಟೈಪಾಗಿ ಮೇಜಿನ ಮೇಲೂ ಇತ್ತು. ಇದಕ್ಕೆ ಸಹಿ ಮಾಡಿದರೆ ವರದಿಯಿಂದ ಆ ಭಾಗ ತೆಗೆಯುತ್ತಾರೆ. ಚಂದ್ರಕಾಂತ ಸರ್ ಹೊಸ ಚೀಟಿ ಕೊಡುತ್ತಾರೆ. ಯೋಗ್ಯರು ಎಂದು ಬರೆದು ಕಂಪ್ಯೂಟರಿಗೆ ಹಾಕುತ್ತಾರೆ, ಸರದಿ ಶುರುವಾಗುತ್ತದೆ. ಸಹಿ ಮಾಡದಿದ್ದರೆ ಅಯೋಗ್ಯರು. ಬೇಕಾದರೆ ಕಲೆಕ್ಟರ ಹತ್ತಿರ ಅಪೀಲು ಹೋಗಬಹುದು, ಅದು ಎಷ್ಟು ವರ್ಷವೋ. ಅಷ್ಟರಲ್ಲಿ ಗಂಡನ ವಯಸ್ಸು ಮೀರುತ್ತದೆ, ಎಳೆಗೂಸು ಕೊಡಲು ಬರುವುದಿಲ್ಲ.

ಕಾಗದ ತೆಲುಗು ಮತ್ತು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಓದಿ ಹೇಳಿ ಎಂದಳು ಗದಿಗೆಮ್ಮ. ಮಧುರಾ ಮೇಡಂ ಓದಿದರು. "ನನ್ನ ತಾಯಿ ಯಾರ ಮಗುವನ್ನೂ ತನ್ನ ಮಡಿಲಿಗೆ ತೆಗೆದುಕೊಂಡಿಲ್ಲ. ಯಾರ ಮಗುವಿಗೂ ಎದೆಹಾಲು ಕುಡಿಸಿಲ್ಲ. ಶ್ರೀ ಚಂದ್ರಕಾಂತ ಅವರ ವಿಷಯವಾಗಿ ನಾನು ಹೇಳಿದ್ದೆಲ್ಲ ಸುಳ್ಳು. ಅವರ ಕ್ಷಮೆ ಕೇಳುತ್ತೇನೆ."

"ಹಾಲಿನ ಮಾತು ಯಾರು ಬರೆಸಿದ್ರು, ಅಕ್ಕಾರ?"

ಮಧುರಾ ಮೇಡಂ ಫೈಲಿನ ದಾರ ಬಿಚ್ಚಿದರು, ಕಟ್ಟಿದರು. "ಚಂದ್ರಕಾಂತ್ ಸರ್. ಆ ಸಾಲು ಇರಲೇಬೇಕು ಅಂದ್ರು."

ಮಾರಿದ ಕೂಸು ಎನ್ನಿಸಿಕೊಂಡರೆ ಅವನಿಗೆ ಅಷ್ಟು ಅವಮಾನವಿರಲಿಲ್ಲ. ದೊಡ್ಡ ಕಂಪನಿಯಲ್ಲಿರುವವನು, ದಿನವೂ ಮಾರಿಕೊಂಡೇ ಬದುಕುವವನು. ಹಾಲು ಮಾತ್ರ ಗಂಟಲಲ್ಲಿ ನಿಂತಿತ್ತು. ಇಪ್ಪತ್ತೇಳು ವರ್ಷವಾದರೂ ಇಳಿದಿರಲಿಲ್ಲ. ಹೆಣ್ಣು ಕೊಡುವವರ ಕಿವಿಗೆ ಬಿದ್ದರೆ ಗತಿ ಏನು?

ಯೋಚನೆ ಮಾಡಿ ಬನ್ನಿ ಎಂದು ಕೋಕಿಲಾ ಮೇಡಂ ಇಬ್ಬರನ್ನೂ ಹೊರಗೆ ಕಳಿಸಿದರು. ಹೊರಗಿನ ಪಡಸಾಲೆಗೆ ಎದುರಾಗಿ ಕೂಸುಗಳ ಕೋಣೆ ಇತ್ತು. ಬಾಗಿಲಿನ ಗಾಜಿಗೆ ಬಿಳಿ ಕಾಗದ ಅಂಟಿಸಿದ್ದರು. ಒಳಗೆ ಯಾವುದೋ ಕೂಸು ಅಳುತ್ತಿತ್ತು. ಅಳು ಏರಿತು, ಮುರಿಯಿತು, ಮತ್ತೆ ಏರಿತು. ಯಾರೂ ಎತ್ತಿಕೊಳ್ಳಲಿಲ್ಲ. ಗದಿಗೆಮ್ಮನ ಎರಡೂ ರಟ್ಟೆಗಳು ಜಗ್ಗಿದವು. ಹೊರುವ ಕೈಗಳವು, ಅವಕ್ಕೆ ಸಹಿ ಮಾಡಲು ಬರುವುದಕ್ಕಿಂತ ಎತ್ತಲು ಚೆನ್ನಾಗಿ ಬರುತ್ತದೆ.

ಗೊಲ್ಲಾಳಪ್ಪ ಅವಳ ಮುಖ ನೋಡದೆ ಮಾತಾಡಿದ. "ಹಾಕಿಬಿಡು, ಗದಿಗಿ. ಒಂದು ಸೈ ತಾನ? ನಿಮ್ಮವ್ವ ಸತ್ತು ಎಂಟು ವರ್ಷ ಆತು. ಆಕಿ ಏನು ಬಂದು ಕೇಳ್ತಾಳ? ಕೂಸಿನ ದನಿ ಕೇಳಾಕತ್ತೈತಿಲ್ಲ ನಿನಗ?"

"ಕೇಳಾಕತ್ತೈತಿ."

"ಮತ್ತ? ಆ ಗೌಡನ ಮಗ ಹೆಂಗರ ಹಾಳಾಗಲಿ. ನಮಗ ನಮ್ಮ ಕೂಸು ಬರ್ಲಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೂರು ಸಲ ಮಣ್ಣಿನಲ್ಲಿ ಬಟ್ಟೆ ಸುತ್ತಿ ಇಟ್ಟು ಬಂದ ಕೈ ಅವನದು. ಅದು ಅವಳಿಗೆ ಗೊತ್ತಿತ್ತು. ಅದಕ್ಕೇ ಸಹಿ ಮಾಡುತ್ತೇನೆ ಎಂದೇ ಮನಸ್ಸು ಮಾಡಿದಳು. ಆ ಕಾಗದದ ಮಾತನ್ನು ಒಂದೊಂದಾಗಿ ಮತ್ತೆ ಹೇಳಿಕೊಂಡಳು. ಯಾರ ಮಗುವನ್ನೂ ಮಡಿಲಿಗೆ ತೆಗೆದುಕೊಂಡಿಲ್ಲ. ಯಾರ ಮಗುವಿಗೂ. ಅಲ್ಲಿಗೆ ಬಂದು ನಿಂತಳು. ನಾಳೆ ಈ ಕೋಣೆಯಿಂದ ಅವಳು ಎತ್ತಿಕೊಂಡು ಹೋಗುವುದೂ ಯಾರದೋ ಮಗುವೇ.

"ನೀನ ಹೇಳು," ಎಂದಳು. "ಹಡೆಯದಾಕಿ ಕೊಟ್ಟ ಹಾಲು ಸುಳ್ಳು ಅಂತ ಬರಕೊಟ್ಟು, ಹಡೆಯದ ಕೂಸಿಗೆ ನಾ ಹೆಂಗ ಅವ್ವ ಆಗ್ಲಿ?"

ಗೊಲ್ಲಾಳಪ್ಪ ಕೈಯಲ್ಲಿದ್ದ ಟವೆಲನ್ನು ಹೆಗಲಿಗೆ ಹಾಕಿಕೊಂಡ. ಒಳಗೆ ಕೂಸು ಅತ್ತು ಅತ್ತು ತಾನೇ ಸುಮ್ಮನಾಯಿತು.

ಅವರು ಮತ್ತೆ ಒಳಗೆ ಹೋದಾಗ ಕೋಕಿಲಾ ಮೇಡಂ ಪೆನ್ನಿನ ಟೊಪ್ಪಿ ತೆಗೆದು ಇಟ್ಟಿದ್ದರು. ಗದಿಗೆಮ್ಮ ಪೆನ್ನು ಮುಟ್ಟಲಿಲ್ಲ. ಕುರ್ಚಿ ಎಳೆದು ಕೂತಳು. ಯಾರೂ ಹೇಳದೆ ಇದ್ದುದಕ್ಕೇ ಕೂತಳು. ಮಧುರಾ ಮೇಡಂ ಕಡೆ ತಿರುಗಿ, ನಾನು ಈಗ ಕನ್ನಡದಲ್ಲಿ ಹೇಳುತ್ತೇನೆ, ನೀವು ತೆಲುಗಿನಲ್ಲಿ ಹೇಳಬೇಕು, ಒಂದು ಮಾತೂ ಬಿಡಬಾರದು ಎಂದಳು. ತೆಲುಗು ತನಗೇ ಬರುತ್ತಿತ್ತು. ಆದರೂ ಈ ಮಾತು ಆ ಸಿಹಿ ಬಾಯಿಂದ ಬರಲಿ ಎಂದು ಅವಳಿಗೆ ಅನ್ನಿಸಿತು.

"ನಾ ಸೈ ಮಾಡೂದಿಲ್ರಿ. ನಮ್ಮವ್ವ ಗೌಡರ ಕೂಸನ್ನ ಕೊಂಡಾಳ, ಹಾಲು ಕುಡಿಸ್ಯಾಳ, ಬದುಕಿಸ್ಯಾಳ. ಕೊಂಡಾಕಿ ಹೆಸರು ಬರದೀರಲ್ಲ, ಮಾರಿದವರ ಹೆಸರೂ ಬರೀರಿ. ಕೂಸು ಇಲ್ಲೇ ಮಾದಾಪುರದಾಗ ಐತಿ, ಅದರ ಹೆಸರೂ ಬರೀರಿ. ಅದು ಅಪರಾಧ ಅಂದ್ರ ಮೂರೂ ಮಂದೀನ ಕರೀರಿ. ಒಬ್ಬಾಕೀನ ಯಾಕ ಕರೀತೀರಿ, ಆಕಿ ಸತ್ತಾಳಂತನ?"

ಮಧುರಾ ಮೇಡಂ ತೆಲುಗು ಮಾಡಿದರು. ನಡುವೆ ಎರಡು ಕಡೆ ತಡವರಿಸಿದರು. ಬಿಟ್ಟ ಮಾತನ್ನು ಗದಿಗೆಮ್ಮ ತೆಲುಗಿನಲ್ಲೇ ಸೇರಿಸಿದಳು.

ಕೋಕಿಲಾ ಮೇಡಮ್ಮಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದು ಯೋಗ್ಯತೆ ಬೇಕು, ಸಮಾನರ ಮೇಲೆ ಮಾತ್ರ ಬರುವಂಥದ್ದು ಅದು. ಅವರಿಗೆ ಕನಿಕರ ಬಂತು. ನಿನ್ನ ಕಷ್ಟ ನನಗೆ ಅರ್ಥವಾಗುತ್ತದಮ್ಮಾ ಎಂದರು. ಮಕ್ಕಳೆಂದರೆ ನಿನಗೆ ಪ್ರಾಣ ಎಂದು ಕಾಣುತ್ತದೆ, ಮೈಯಲ್ಲಿ ಬಲವೂ ಇದೆ. ನಮ್ಮಲ್ಲಿ ಆಯಾ ಕೆಲಸ ಒಂದು ಖಾಲಿ ಇದೆ. ನಾಳೆಯಿಂದಲೇ ಬಾ. ಒಂದು ಮಗು ಕೇಳಿದೆಯಲ್ಲ, ಹನ್ನೆರಡು ಮಕ್ಕಳನ್ನು ಎತ್ತಿ ಆಡಿಸು. ಹಾಲು ಕುಡಿಸು, ಬಟ್ಟೆ ಬದಲಿಸು, ಜೋಗುಳ ಹಾಡು. ಅದಕ್ಕೆ ಯಾವ ಸರ್ಟಿಫಿಕೇಟೂ ಬೇಡ.

ಇದನ್ನು ಮಧುರಾ ಮೇಡಂ ಕನ್ನಡ ಮಾಡುವ ಅಗತ್ಯ ಬೀಳಲಿಲ್ಲ. ಗೊಲ್ಲಾಳಪ್ಪನ ಕಿವಿ ಕೆಂಪಾಯಿತು. ಎ‌ರಡನೆಯ ಕುರ್ಚಿ ಎಳೆದು ಅವನೂ ಕೂತ.

ಗದಿಗೆಮ್ಮ ತನ್ನ ಕೈಗಳನ್ನು ಮೇಜಿನ ಮೇಲೆ ಇಟ್ಟಳು. ಒಡೆದ ಕೈ, ಉಗುರಿನ ಸುತ್ತ ಬೂದು ಬಣ್ಣ. ಕೋಕಿಲಾ ಮೇಡಂ ತಮ್ಮ ಮೊಬೈಲನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು.

"ಆ ಕೆಲಸ ನಮ್ಮವ್ವ ಮಾಡ್ಯಾಳ್ರಿ," ಎಂದಳು ಗದಿಗೆಮ್ಮ. "ಹನ್ನೊಂದು ದಿನ. ನಿಮಗ ಬ್ಯಾನಿ ಬಂದಾಗ ನಮ್ಮ ಮಡಿಲು ಆಗ್ತೈತಿ, ಬ್ಯಾನಿ ಹೋದ ಮ್ಯಾಲೆ ಮಡಿಲು ಮೈಲಿಗಿ. ನಾ ಆಯಾ ಆಗಾಕ ಬಂದಿಲ್ಲ. ಅವ್ವ ಆಗಾಕ ಬಂದೀನಿ. ಕೊಡೂದಿಲ್ಲಂದ್ರ ಕೊಡೂದಿಲ್ಲಂತ ಬರದು ಕೊಡ್ರಿ. ಯಾಕ ಕೊಡೂದಿಲ್ಲ ಅನ್ನೂದನ್ನೂ ಬರೀರಿ. ಬಾಯಿ ಮಾತು ನಾ ಒಯ್ಯೂದಿಲ್ಲ."

ಬರೆದು ಕೊಡಿ ಎಂದದ್ದೇ, ಆ ಕೋಣೆಗೆ ಒಮ್ಮೆಗೇ ಕಷ್ಟ ಬಂತು. ಮೊದಲು ಅಂಥ ಪದ್ಧತಿ ಇಲ್ಲ ಎಂದರು. ಪದ್ಧತಿ ಇದೆ, ಅಪೀಲು ಹೋಗಬಹುದು ಎಂದು ನೀವೇ ಹೇಳಿದಿರಲ್ಲ, ಕೈಯಲ್ಲಿ ಕಾಗದ ಇಲ್ಲದೆ ಅಪೀಲಿಗೆ ಏನು ಹಿಡಿದುಕೊಂಡು ಹೋಗಲಿ ಎಂದಳು. ಆಮೇಲೆ ಪ್ರಿಂಟರ್ ಕೆಟ್ಟಿದೆ ಎಂದರು. ಕೈಯಲ್ಲಿ ಬರೆಯಿರಿ ಎಂದಳು. ಮುಂದಿನ ವಾರ ಬಾ ಎಂದರು. ಇವತ್ತು ಕೆಲಸ ಬಿಟ್ಟೇ ಬಂದಿದ್ದೇವೆ ಎಂದ ಗೊಲ್ಲಾಳಪ್ಪ. ಕಾವಲುಗಾರನನ್ನು ಕರೆಸಿದರು. ಅವನು ಬಂದು ಬಾಗಿಲಲ್ಲಿ ನಿಂತ. ಗದಿಗೆಮ್ಮ ಅವನನ್ನು ಎಲ್ಲಿಯವನಪ್ಪಾ ಎಂದು ತೆಲುಗಿನಲ್ಲಿ ಕೇಳಿದಳು. ನಾರಾಯಣಪೇಟೆ ಎಂದ. ನಮ್ಮ ಪಕ್ಕದವನೇ ಆದೆಯಲ್ಲ ಎಂದಳು. ಅವನು ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ.

ಆಮೇಲೆ ಕೋಕಿಲಾ ಮೇಡಂ ಬರೆಯಲು ಕೂತರು. ಒಂದು ಮೊರ ತೌಡಿಗೆ ಮಗುವನ್ನು ಕೊಂಡ ಕುಟುಂಬ ಎಂದು ಬರೆದು ಅಳಿಸಿದರು. ಕೊಂಡವರು ಎಂದರೆ ಮಾರಿದವರು ಯಾರು ಎಂದು ಮೇಲಿನವರು ಕೇಳುತ್ತಾರೆ. ಸುಳ್ಳು ಹೇಳಿದವಳು ಎಂದು ಬರೆದು ಅದನ್ನೂ ಅಳಿಸಿದರು. ಯಾವ ಸುಳ್ಳು ಎಂದು ಕೇಳಿದರೆ ಹಾಲಿನ ಮಾತು ಬರುತ್ತದೆ, ಹನ್ನೆರಡು ತೊಟ್ಟಿಲು ಅಲ್ಲಾಡುತ್ತವೆ. ಆದಾಯ ಕಡಿಮೆ ಎಂದು ಬರೆಯೋಣವೆಂದರೆ ಲೇಥ್ ಅಂಗಡಿಯವನ ಸಂಬಳದ ಚೀಟಿ ಫೈಲಿನಲ್ಲಿ ಕೂತಿತ್ತು. ರೋಗ ಎನ್ನಲು ಡಾಕ್ಟರು ಬಿಟ್ಟಿರಲಿಲ್ಲ. ಮನಸ್ಸಿನಲ್ಲಿದ್ದ ಕಾರಣ ಒಂದೇ, ಅದನ್ನು ಬರೆದರೆ ಅವರೇ ಜೈಲಿಗೆ ಹೋಗಬೇಕಾಗಿತ್ತು. ಮಧುರಾ ಮೇಡಂ ನಡುವೆ ಒಮ್ಮೆ ಒಂದು ಲೋಟ ನೀರು ತಂದು ಗದಿಗೆಮ್ಮನ ಮುಂದೆ ಇಟ್ಟರು. ಗದಿಗೆಮ್ಮ ಲೋಟ ನೋಡಿದಳು. ಬಾಯಾರಿಕೆ ಇತ್ತು. ಕುಡಿದಳು. ಕೊಟ್ಟ ನೀರನ್ನು ಕುಡಿಯುವುದು ಅವಳ ಜನರಿಗೆ ಗೊತ್ತಿರುವ ರೀತಿ.

ಅಯೋಗ್ಯರು ಎಂಬ ಒಂದು ಸಾಲು ಹೆರಲು ಆ ಕಚೇರಿಗೆ ಮೂರು ತಾಸು ಹಿಡಿಯಿತು. ಕಾರಣದ ಜಾಗದಲ್ಲಿ ಕೊನೆಗೆ ಬಿದ್ದದ್ದು ಇಷ್ಟು: ಅರ್ಜಿದಾರಳು ಸಲಹೆಗೆ ಒಪ್ಪುವ ಸ್ವಭಾವದವಳಲ್ಲ.

ಮಧುರಾ ಮೇಡಂ ಅದನ್ನು ಕನ್ನಡದಲ್ಲಿ ಓದಿದರು. ಗದಿಗೆಮ್ಮ ಇನ್ನೊಂದು ಸಲ ಓದಿಸಿದಳು. ಇದು ಖರೆ ಎಂದಳು. ಕಾಗದ ಕೈಗೆ ಮುಟ್ಟಿದ್ದಕ್ಕೆ ಸಹಿ ಮಾಡಬೇಕೆಂದರು. ಅಲ್ಲಿ ಮಾಡಿದಳು. ಸೆಟೆದ ಬೆರಳುಗಳಿಂದ, ಅಕ್ಷರ ಅಕ್ಷರ ಕೂಡಿಸಿ, ತನ್ನ ಹೆಸರಿನ ಮುಂದೆ ಅವ್ವನ ಹೆಸರನ್ನೂ ಹಚ್ಚಿ, ಕೋಕಿಲಾ ಮೇಡಂ ಗಡಿಯಾರ ನೋಡುತ್ತಿದ್ದರೂ ಅವಸರ ಮಾಡದೆ ಬರೆದಳು.

ಗೇಟಿನ ಹತ್ತಿರ ಗೊಲ್ಲಾಳಪ್ಪ ಕಾವಲುಗಾರನನ್ನು ನಿಲ್ಲಿಸಿ, ಕಲೆಕ್ಟರ್ ಆಫೀಸಿಗೆ ಇಲ್ಲಿಂದ ಯಾವ ಬಸ್ಸು ಎಂದು ಕೇಳಿದ.